ರೋಡ್ ಬೈಕಿಗೆ ಹೊಸ ಸೀಟು ಹುಡುಕ್ತಿದೀನಿ, ಯಾವ ಲೆಕ್ಕದಲ್ಲಿ ಆರಿಸೋದು?

ಹೆಸರಘಟ್ಟ ಲೂಪ್ (ಬೆಂಗಳೂರು)
ಎಲ್ರಿಗೂ ನಮಸ್ಕಾರ. ನನ್ನದು ಅಲ್ಯುಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ ಇರೋ ರೋಡ್ ಬೈಕು, ಬೈಕಿನ ಜೊತೆ ಬಂದ ಸೀಟೇ ಇನ್ನೂ ಇದೆ. ವಾರಾಂತ್ಯಕ್ಕೆ ಹೆಸರಘಟ್ಟ ಕಡೆ ಒಂದು ಸುತ್ತು, ಆಗಾಗ ನಂದಿ, ಅಷ್ಟಕ್ಕೆಲ್ಲ ಏನೂ ತೊಂದ್ರೆ ಆಗಿರ್ಲಿಲ್ಲ. ಈಗ 200 ಕಿ.ಮೀ. ಬಿಆರ್‌ಎಂ (ನಿಗದಿ ಸಮಯದೊಳಗೆ ಮುಗಿಸಬೇಕಾದ ಲಾಂಗ್ ರೈಡ್) ಮುಗೀತು, ಮುಂದೆ 300 ಮಾಡ್ಬೇಕು ಅಂತ ಆಸೆ, ಅದಕ್ಕೆ 20 ಗಂಟೆ ಟೈಮು, ಅಂದ್ರೆ ರಾತ್ರಿನೂ ಸೀಟ್ ಮೇಲೇ. 200ರಲ್ಲಿ ಅರ್ಧ ದಾಟಿದ ಮೇಲೆ ಮುಂದಿನ ಭಾಗ ಮರಗಟ್ಟೋಕೆ ಶುರುವಾಯ್ತು, ಎದ್ದು ನಿಂತು ಪೆಡಲ್ ಮಾಡಿದ್ರೆ ಸರಿಹೋಗುತ್ತೆ, ಮತ್ತೆ ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಜೊತೆಗೆ ಬಲಗಡೆ ತೊಡೆಸಂದಿಯಲ್ಲಿ ಉಜ್ಜಿ ಉಜ್ಜಿ ಗಾಯ, ಎಡಗಡೆ ಏನೂ ಇಲ್ಲ.

ಆಫೀಸಲ್ಲಿ ಒಬ್ರು ಜೆಲ್ ಕವರ್ ಹಾಕು ಅಂತಾರೆ, ಇನ್ನೊಬ್ರು ಲೆದರ್ ಸೀಟು ಒಂದು ತಗೊಂಡ್ರೆ ಜೀವನ ಪೂರ್ತಿ ಸಾಕು ಅಂತಾರೆ, ಯೂಟ್ಯೂಬಲ್ಲಿ ನೋಡಿದ್ರೆ ಎಲ್ಲಾ ಮೂತಿ ಗಿಡ್ಡ ಇರೋ ಸೀಟೇ. ಬಜೆಟ್ಟು ಆರು ಸಾವಿರದ ಆಸುಪಾಸು. ಯಾವ ಸೀಟು ತಗೊಳ್ಳಿ ಅಂತ ಹೇಳ್ತೀರಾ?

ಗ್ರಾಂ ಲೆಕ್ಕ (ಬೆಂಗಳೂರು)
ಸ್ಪೆಷಲೈಸ್ಡ್ ಕಂಪನಿಯ ಪವರ್ ಸೀಟು ತಗೊಳ್ಳಿ ಗುರು, ಕಣ್ಣು ಮುಚ್ಕೊಂಡು. ನಮ್ಮ ಗ್ರೂಪಲ್ಲಿ ಅರ್ಧ ಜನರದ್ದು ಅದೇ.

ಸ್ಪ್ಯಾನರ್ ಮಾವ (ಮೈಸೂರು)
ಸೀಟು ಮಾತ್ರ ಕಣ್ಣು ಮುಚ್ಕೊಂಡು ತಗೊಳ್ಳೋ ವಸ್ತು ಅಲ್ಲ. ಪವರ್ ಒಳ್ಳೆ ಸೀಟು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದೇ 143 ಮಿ.ಮೀ. ಅಗಲದಲ್ಲೂ ಬರುತ್ತೆ, 155, 168ರಲ್ಲೂ ಬರುತ್ತೆ, ಇವರಿಗೆ ಯಾವುದು ಅಂತ ನಮಗೆ ಈಗ ಹೇಗೆ ಗೊತ್ತಾಗುತ್ತೆ?

ಹೆಸರಘಟ್ಟದವರೇ, ದುಡ್ಡು ಹಾಕೋ ಮುಂಚೆ ಮೂರು ಅಳತೆ ತಗೊಂಡು ಇಲ್ಲಿ ಹಾಕಿ. ಮೊದಲನೇದು ಕೂರೋ ಮೂಳೆಗಳ ಅಂತರ. ಪಾರ್ಸಲ್ ಬಾಕ್ಸಿನ ರಟ್ಟು ಇರುತ್ತಲ್ಲ, ಒಳಗೆ ಅಲೆ ಅಲೆಯಾಗಿರೋದು, ಅದನ್ನ ಗಟ್ಟಿ ಸ್ಟೂಲ್ ಮೇಲೆ ಹಾಕಿ ತೆಳು ಬಟ್ಟೇಲಿ ಕೂತ್ಕೊಳ್ಳಿ, ಮಂಡಿ ಸ್ವಲ್ಪ ಮೇಲಿರ್ಲಿ, ಕಾಲ್ಕೆಳಗೆ ಒಂದು ಮಣೆ ಇಟ್ಕೊಂಡ್ರೆ ಆಯ್ತು, ಎರಡೂ ಕೈಯಲ್ಲಿ ಸ್ಟೂಲ್ ಹಿಡಿದು ಕೆಳಕ್ಕೆ ಎಳ್ಕೊಂಡು ಸ್ವಲ್ಪ ಮುಂದೆ ಬಗ್ಗಿ. ಎದ್ದ ಮೇಲೆ ರಟ್ಟಲ್ಲಿ ಎರಡು ಕುಳಿ ಕಾಣುತ್ತೆ, ಒಂದರ ನಡುವಿಂದ ಇನ್ನೊಂದರ ನಡುವಿಗೆ ಎಷ್ಟು ಮಿ.ಮೀ. ಅಂತ ಅಳೀರಿ. ಎರಡನೇದು ಈಗಿರೋ ಸೀಟಿನ ಅತಿ ಅಗಲದ ಜಾಗ ಎಷ್ಟು. ಮೂರನೇದು ಕ್ರ್ಯಾಂಕಿನ (ಪೆಡಲ್ ತೋಳುಗಳು ತಿರುಗೋ ಅಚ್ಚಿನ) ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಫ್ರೇಮ್ ಕೊಳವೆ) ಗೆರೇಲೇ ಎಷ್ಟು, ಮತ್ತೆ ನಿಮ್ಮ ಕಾಲಿನ ಒಳಅಳತೆ ಎಷ್ಟು. ಅದಕ್ಕೆ ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ಒಂದು ದಪ್ಪ ಪುಸ್ತಕ ತೊಡೆ ಮಧ್ಯೆ ಮೇಲಕ್ಕೆ ಒತ್ತಿ ಹಿಡೀರಿ, ನೆಲದಿಂದ ಪುಸ್ತಕದ ಮೇಲಂಚಿಗೆ ಟೇಪ್ ಹಿಡೀಲಿ ಯಾರಾದ್ರೂ.

ಒಂದೇ ಕಡೆ ಗಾಯ ಅಂದಿದ್ದಕ್ಕೆ ಕೇಳ್ತಿದೀನಿ. ಒಂದು ಕಡೆ ಮಾತ್ರ ಉಜ್ಜಿದ್ರೆ ನನಗೆ ಮೊದಲು ಅನುಮಾನ ಬರೋದು ಸೀಟಿನ ಎತ್ತರದ ಮೇಲೆ.

ಕೀಲು ಮೂಳೆ (ಶಿವಮೊಗ್ಗ)
ನಾನು ಫಿಸಿಯೋಥೆರಪಿಸ್ಟ್, ಸೈಕಲ್ ಕೂಡ ಹೊಡೀತೀನಿ. ಮರಗಟ್ಟೋ ವಿಷಯ ಹಗುರವಾಗಿ ತಗೋಬೇಡಿ ಸರ್, ಮುಜುಗರ ಅಂತ ಜನ ಇದನ್ನ ಮುಚ್ಚಿಡ್ತಾರೆ, ನೀವು ಕೇಳಿದ್ದು ಒಳ್ಳೇದಾಯ್ತು. ನಾವು ಕೂತಾಗ ಭಾರ ಹೊರಬೇಕಾದ್ದು ಪೃಷ್ಠದ ಕೆಳಗಿರೋ ಎರಡು ಮೂಳೆ ಗುಬುಟು, ಇಶಿಯಲ್ ಟ್ಯೂಬರೊಸಿಟಿ ಅಂತಾರೆ. ಅವೆರಡರ ಮಧ್ಯದ ಮೆತ್ತನೆ ಜಾಗದಲ್ಲಿ ಪ್ಯುಡೆಂಡಲ್ ನರದ ಕವಲುಗಳು, ರಕ್ತನಾಳ ಎಲ್ಲ ಹೋಗುತ್ತೆ, ಆ ಜಾಗ ಭಾರ ಹೊರೋದಕ್ಕೆ ಆಗಿರೋದಲ್ಲ. ಸೀಟು ಕಿರಿದಾಗಿದ್ರೆ ಮೂಳೆಗಳು ಅಂಚಿಂದ ಆಚೆ ಜಾರಿ ಪೂರ್ತಿ ತೂಕ ಮಧ್ಯಕ್ಕೆ ಬೀಳುತ್ತೆ, ನರ ಅದುಮುತ್ತೆ, ಜೋಮು ಹಿಡಿಯುತ್ತೆ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗೋ ಪೊಲೀಸರಲ್ಲಿ ಇದೇ ದೂರು ಬಂದು ಅಲ್ಲಿನ ಸರ್ಕಾರಿ ಸಂಸ್ಥೆ ನಯೋಷ್ ಅಧ್ಯಯನ ಮಾಡಿ ಮೂತಿ ಇಲ್ಲದ ಸೀಟು ಒಳ್ಳೇದು ಅಂತ ಹೇಳಿತ್ತು. ಅದು ದಿನಪೂರ್ತಿ ನಿಧಾನಕ್ಕೆ ಓಡಾಡೋರಿಗೆ ಸರಿ, ರೋಡ್ ಬೈಕಲ್ಲಿ ಬೈಕನ್ನ ತೊಡೆಯಲ್ಲಿ ಹಿಡಿತಕ್ಕೆ ತಗೊಳ್ಳೋಕೆ ಮೂತಿ ಬೇಕಾಗುತ್ತೆ, ಅದಕ್ಕೇ ನಮಗೆ ಮಧ್ಯೆ ಕಟ್ ಇರೋ ಸೀಟು ಅನ್ನೋ ದಾರಿ.

ಎದ್ದ ತಕ್ಷಣ ಜೋಮು ಬಿಡ್ತಿದೆ ಅಂದಿದೀರಿ, ಅಲ್ಲಿವರೆಗೆ ಸರಿ. ರೈಡ್ ಮುಗಿದು ಗಂಟೆಗಟ್ಟಲೆ ಆದ್ರೂ ಬಿಡ್ಲಿಲ್ಲ, ಮೂತ್ರ ಮಾಡೋಕೆ ಕಷ್ಟ ಅನಿಸ್ತು ಅಂದ್ರೆ ಸೈಕಲ್ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ, ವೇದಿಕೆಯಲ್ಲಿ ಕೇಳ್ತಾ ಕೂರ್ಬೇಡಿ.

ಗುಮ್ಮಟ ಟಿಟಿ (ವಿಜಯಪುರ)
ಜೆಲ್ ಕವರ್ ಮಾತ್ರ ಬ್ಯಾಡ್ರೀ ಸರ. ಮಂದಿ ಮೆತ್ತಗ ಇದ್ರ ಛಲೋ ಅಂತ ತಿಳ್ಕೊಂಡಾರ, ಅರ್ಧ ತಾಸು ಛಲೋನ ಅನಸ್ತೈತಿ, ಆಮ್ಯಾಲ ಮೂಳಿ ಕೆಸರಾಗ ಕಾಲ್ ಇಟ್ಟಂಗ ಒಳಗ ಇಳೀತಾವ, ಆ ಜೆಲ್ ಎಲ್ಲಿ ಹೋಗ್ಬೇಕ್ರಿ, ನಡು ಉಬ್ಬಿ ಮ್ಯಾಲ ಬರ್ತೈತಿ, ಒತ್ತಬಾರದ ಜಾಗಾದಾಗ ಒತ್ತತೈತಿ. ಮ್ಯಾಲ ಅದು ಬಿಸಲಿಗೆ ಕಾಯ್ದು ಬೆವರು ಹಿಡೀತೈತಿ. ನಮ್ಮ ಕಡೆ ಸೈಕ್ಲಿಂಗ್ ಹಾಸ್ಟೆಲ್ ಹುಡುಗೂರು ದಿನಾ ಎಷ್ಟ್ ತಾಸು ಸೀಟ್ ಮ್ಯಾಲ ಇರ್ತಾರ ನೋಡ್ರಿ, ಅವರ ಸೀಟ್ ಮುಟ್ಟಿದ್ರ ಕಟಗಿ ಆಗಿರ್ತಾವ. ಪ್ಯಾಡ್ ಚಡ್ಡ್ಯಾಗ ಇರ್ಬೇಕು, ಸೀಟಿನಾಗ ಅಲ್ಲ.

ಹೆಸರಘಟ್ಟ ಲೂಪ್
ಅಳತೆ ತಗೊಂಡೆ. ರಟ್ಟಲ್ಲಿ ಕುಳಿಯಿಂದ ಕುಳಿಗೆ 118 ಮಿ.ಮೀ. ಈಗಿನ ಸೀಟಿನ ಅಗಲ 132. ಕ್ರ್ಯಾಂಕಿಂದ ಸೀಟಿಗೆ 72.5 ಸೆಂ.ಮೀ. ಕಾಲಿನ ಒಳಅಳತೆ 80 ಸೆಂ.ಮೀ. ಎರಡು ಸಲ ತೆಗೆಸಿದೆ, ಅಷ್ಟೇ ಬಂತು.

ಸ್ಪ್ಯಾನರ್ ಮಾವ
ಎರಡು ವಿಷಯ ಇಲ್ಲೇ ಸಿಕ್ತು ನೋಡಿ.

ಎತ್ತರದ್ದು ಮೊದಲು. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲಿಮಾಂಡ್ ಹೆಸರಲ್ಲಿ ಒಂದು ಲೆಕ್ಕ ಇದೆ, ಒಳಅಳತೆಯನ್ನ 0.883ರಿಂದ ಗುಣಿಸಿದ್ರೆ ಕ್ರ್ಯಾಂಕ್ ಮಧ್ಯದಿಂದ ಸೀಟಿನ ಎತ್ತರ ಬರುತ್ತೆ. ನಿಮಗೆ 80 ಅಂದ್ರೆ 70.6. ನೀವಿರೋದು 72.5ರಲ್ಲಿ. ಲೆಕ್ಕವೇ ಕೊನೆ ಮಾತು ಅಂತಲ್ಲ, ಪಾದ ಉದ್ದ ಇರೋರು, ಕಾಲ್ಬೆರಳು ಕೆಳಗೆ ಮಾಡಿ ತುಳಿಯೋರು ಸ್ವಲ್ಪ ಮೇಲೆ ಇಡ್ತಾರೆ, ಆದ್ರೂ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ವ್ಯತ್ಯಾಸ ದೊಡ್ಡದು. ಸೀಟು ಎತ್ತರ ಆದಾಗ ಪೆಡಲ್ ಕೆಳಗೆ ಹೋದಾಗೆಲ್ಲ ಸೊಂಟ ಆ ಕಡೆ ಇಳಿಯುತ್ತೆ, ಯಾವ ಕಾಲು ಸ್ವಲ್ಪ ಗಿಡ್ಡವೋ ಬಿಗಿಯೋ ಆ ಕಡೆ ಜಾಸ್ತಿ ಇಳಿಯುತ್ತೆ, ಅಲ್ಲೇ ಉಜ್ಜುತ್ತೆ. ಜೊತೆಗೆ ಮಧ್ಯದ ಜಾಗದ ಮೇಲೆ ಭಾರನೂ ಬೀಳುತ್ತೆ. ಹಿಂದೆ ಒಬ್ಬರು ಬೈಕಲ್ಲಿ ಫಾಲೋ ಮಾಡಿ ಮೊಬೈಲಲ್ಲಿ ವಿಡಿಯೋ ತೆಗೀಲಿ, ಸೊಂಟ ತೂಗಾಡ್ತಿದೆಯಾ ಇಲ್ವಾ ಅಂತ ನಿಮಗೇ ಕಾಣುತ್ತೆ. ಗೋಡೆ ಹಿಡ್ಕೊಂಡು ಹಿಮ್ಮಡಿ ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿಯೂ ನೋಡಿ, ಪೆಡಲ್ ತೀರಾ ಕೆಳಗೆ ಬಂದಾಗ ಮಂಡಿ ನೇರ ಆಗ್ಬೇಕು, ಹಿಮ್ಮಡಿ ಪೆಡಲ್ ಬಿಡಬಾರದು. ಒಂದೇ ಸಲ ಪೂರ್ತಿ ಇಳಿಸ್ಬೇಡಿ, ಮಂಡಿ ಮುಂಭಾಗ ನೋಯುತ್ತೆ. ಐದೈದು ಮಿ.ಮೀ. ಇಳಿಸ್ತಾ ಒಂದೊಂದು ರೈಡ್ ಮಾಡಿ, ನಿಲ್ಲಬೇಕಾದ ಜಾಗ ಮೈಗೇ ಗೊತ್ತಾಗುತ್ತೆ.

ಎರಡನೇದು ಅಗಲ. 118ಕ್ಕೆ 132 ಸಾಲಲ್ಲ. ಕೇಳೋಕೆ 132 ದೊಡ್ಡದಾಗಿ ಕಾಣುತ್ತೆ, ಆದ್ರೆ ಸೀಟಿನ ಅಂಚು ಎರಡೂ ಕಡೆ ಕೆಳಕ್ಕೆ ಬಾಗಿರುತ್ತೆ, ಮೂಳೆ ನಿಜವಾಗಿ ಕೂರೋಕೆ ಸಿಗೋ ಸಮತಟ್ಟು ಜಾಗ ಅದಕ್ಕಿಂತ ಬಹಳ ಕಡಿಮೆ. ರೋಡ್ ಬೈಕಿಗೆ ಮೂಳೆ ಅಂತರಕ್ಕೆ 20ರಿಂದ 25 ಮಿ.ಮೀ. ಸೇರಿಸಿ ಅನ್ನೋದು ಸಾಮಾನ್ಯ ಲೆಕ್ಕ, ನಿಮಗೆ 143ರ ಸುತ್ತಮುತ್ತ ಬರುತ್ತೆ. ಸೀಟಿನ ಬೆನ್ನು ದುಂಡಗಿದ್ರೆ ಇನ್ನೂ ಸ್ವಲ್ಪ ಅಗಲ ಬೇಕು, ಚಪ್ಪಟೆ ಇದ್ರೆ ಅಷ್ಟೇ ಸಾಕು.

ಉಟ್ರೆಕ್ಟ್ ಕನ್ನಡಿಗ (ನೆದರ್‌ಲ್ಯಾಂಡ್ಸ್)
ಇಲ್ಲಿ ದಿನಾ ಆಫೀಸಿಗೆ ಹೋಗೋ ಸೈಕಲ್ಲಿಗೆ ಅಗಲವಾದ ಸ್ಪ್ರಿಂಗ್ ಸೀಟು ಇದೆ, ಬೆನ್ನು ನೆಟ್ಟಗೆ ಮಾಡಿ ಕೂರೋದು, ಆರಾಮ. ವಾರಾಂತ್ಯದ ರೋಡ್ ಬೈಕಿಗೆ ಕಿರಿದಾದ ಸೀಟು. ಅದೇ ಮನುಷ್ಯ, ಅದೇ ಮೂಳೆ, ಸೀಟು ಮಾತ್ರ ಬೇರೆ, ಯಾಕಂದ್ರೆ ಮುಂದೆ ಬಗ್ಗಿದಷ್ಟೂ ಸೊಂಟ ಮುಂದಕ್ಕೆ ಉರುಳುತ್ತೆ, ಆಗ ಸೀಟಿಗೆ ತಾಗೋದು ಆ ಗುಬುಟಲ್ಲ, ಅದರ ಮುಂದೆ ಒಂದಕ್ಕೊಂದು ಹತ್ತಿರ ಆಗ್ತಾ ಹೋಗೋ ಮೂಳೆ ಭಾಗ. ಹಾಗಾಗಿ ಹ್ಯಾಂಡಲ್ ಎಷ್ಟು ಕೆಳಗಿದೆ ಅಂತನೂ ಹೇಳಿ. ಡ್ರಾಪ್ಸಲ್ಲೇ (ಹ್ಯಾಂಡಲ್ಲಿನ ಕೆಳಗೆ ಬಾಗಿದ ಭಾಗ) ಜಾಸ್ತಿ ಹೊತ್ತು ಇರೋರಿಗೆ ಮತ್ತು ಹುಡ್ಸ್ (ಬ್ರೇಕ್ ಲಿವರಿನ ಮೇಲ್ಭಾಗ) ಮೇಲೆ ಕೈಯಿಟ್ಟು ಬಿಆರ್‌ಎಂ ಮಾಡೋರಿಗೆ ಒಂದೇ ಸೀಟು ಆಗಲ್ಲ.

ಇನ್ನೊಂದು ಅನುಕೂಲ ಇಲ್ಲಿದೆ, ಕೆಲವು ಅಂಗಡಿಗಳು ಟ್ರಯಲ್ ಸೀಟು ಕೊಟ್ಟು ಕಳಿಸ್ತಾರೆ, ಹಿಡಿಸದಿದ್ರೆ ವಾಪಸ್. ಊರಲ್ಲಿ ಆ ಥರ ಸಿಗುತ್ತಾ?

ಮಳೆಬಿಲ್ಲು ಸವಾರೆ (ಬೆಂಗಳೂರು)
ಕೇಳಿದ್ರೆ ಕೆಲವು ಅಂಗಡಿಯವರು ಕೊಡ್ತಾರೆ, ಕೇಳೋರೇ ಕಮ್ಮಿ. ಅದಕ್ಕಿಂತ ಒಳ್ಳೇದು ರೈಡಿಂಗ್ ಗ್ರೂಪಲ್ಲಿ ಕೇಳೋದು, ಎಲ್ರ ಮನೇಲೂ ಅಟ್ಟದ ಮೇಲೆ ಒಂದೆರಡು ಸೀಟು ಬಿದ್ದಿರುತ್ತೆ.

ಹೆಂಗಸರ ಪರವಾಗಿ ಒಂದೆರಡು ಮಾತು ಸೇರಿಸ್ತೀನಿ, ಈ ಥರ ಚರ್ಚೆಯಲ್ಲಿ ನಮ್ಮ ವಿಷಯ ಬರೋದೇ ಇಲ್ಲ. ಅಂಗಡೀಲಿ ಹೆಂಗಸು ಅಂದ ತಕ್ಷಣ ಅಗಲದ್ದು, ದಪ್ಪದ್ದು ತಂದು ಕೊಡ್ತಾರೆ. ಸರಾಸರಿ ನೋಡಿದ್ರೆ ನಮ್ಮ ಮೂಳೆ ಅಂತರ ಗಂಡಸರಿಗಿಂತ ಜಾಸ್ತಿ ಅನ್ನೋದು ನಿಜ, ಆದ್ರೆ ಒಬ್ಬೊಬ್ಬರದ್ದೂ ಬೇರೆ, ಕಿರಿದಾದ ಸೀಟೇ ಸರಿಹೋಗೋ ಹೆಂಗಸರೂ ಇದಾರೆ, 155 ಬೇಕಾಗೋ ಗಂಡಸರೂ ಇದಾರೆ. ಅಳೆಯೋದೊಂದೇ ದಾರಿ. ಎರಡನೇದು ಕಟ್ ವಿಷಯ. ಮಧ್ಯೆ ದೊಡ್ಡ ತೂತು ಇದ್ರೆ ಎಲ್ರಿಗೂ ಆರಾಮ ಅಂತ ಇಲ್ಲ, ನಮ್ಮಲ್ಲಿ ಎಷ್ಟೋ ಜನರಿಗೆ ಆ ತೂತಿನ ಗಟ್ಟಿ ಅಂಚೇ ಒತ್ತಿ ಊತ ಬರುತ್ತೆ, ಉರಿ ಬರುತ್ತೆ. ಅಂಥವರಿಗೆ ತೂತಿನ ಬದಲು ಆ ಜಾಗದಲ್ಲಿ ಮೆತ್ತನೆ ಫೋಮ್ ತುಂಬಿರೋ ಸೀಟು ಬಂದಿದೆ, ಸ್ಪೆಷಲೈಸ್ಡ್‌ನವರು ಮಿಮಿಕ್ ಅಂತ ಕರೀತಾರೆ, ನನ್ನ ಬೈಕಲ್ಲಿರೋದು ಅದೇ, ಅದು ಬಂದ ಮೇಲೆ ಲಾಂಗ್ ರೈಡ್ ಅಂದ್ರೆ ಹೆದರಿಕೆ ಹೋಯ್ತು. ಆಳವಿಲ್ಲದ ಕಾಲುವೆ ಥರ ಇರೋ ಸೀಟುಗಳೂ ಇವೆ, ಅದೂ ಕೆಲವರಿಗೆ ಒಗ್ಗುತ್ತೆ.

ಮತ್ತೆ ದಯವಿಟ್ಟು ಪ್ಯಾಡ್ ಇರೋ ಶಾರ್ಟ್ಸ್ ಒಳಗೆ ಒಳಚಡ್ಡಿ ಹಾಕ್ಬೇಡಿ, ಅದರ ಹೊಲಿಗೆಯೇ ಉಜ್ಜೋದು. ಹೊಸಬರಿಗೆ ಯಾರೂ ಇದನ್ನ ಬಾಯಿಬಿಟ್ಟು ಹೇಳಲ್ಲ. ಬಿಬ್ (ಭುಜದ ಪಟ್ಟಿ ಇರೋ ಶಾರ್ಟ್ಸ್) ಹಾಕೋ ಹುಡುಗೀರು ಬಿಆರ್‌ಎಂಗೆ ಮುಂಚೆ ಹಿಂದ್ಗಡೆ ಬಿಚ್ಚೋಕಾಗೋ ಥರದ್ದು ನೋಡಿ ತಗೊಳ್ಳಿ, ಹೆದ್ದಾರಿ ಬದಿ ಟಾಯ್ಲೆಟ್ಟಲ್ಲಿ ಜೆರ್ಸಿ ಪೂರ್ತಿ ಬಿಚ್ಚೋ ಪರಿಸ್ಥಿತಿ ಬೇಡ.

ಕೀಲು ಮೂಳೆ
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ರೈಡ್ ಮುಗಿದ ಮೇಲೆ ಅದೇ ಶಾರ್ಟ್ಸಲ್ಲಿ ಕೂತು ದೋಸೆ ತಿಂದು ಹರಟೆ ಹೊಡೀತಾರಲ್ಲ, ಅದನ್ನೂ ಬಿಡ್ಬೇಕು. ಒದ್ದೆ ಪ್ಯಾಡಲ್ಲಿ ಕೂದಲ ಬುಡಕ್ಕೆ ಸೋಂಕಾಗಿ ಕುರು ಏಳುತ್ತೆ. ಮನೆಗೆ ಬಂದ ತಕ್ಷಣ ಸ್ನಾನ, ಒಣ ಬಟ್ಟೆ. ಕುರು ಎದ್ದಾಗ ಹಿಸುಕ್ಬೇಡಿ, ಎರಡು ದಿನ ಸೈಕಲ್ ಬಿಡಿ.

ಕಡಲಗಾಳಿ (ಉಡುಪಿ)
ಲೆದರ್ ಸೀಟಿನ ಬಗ್ಗೆ ಕೇಳಿದ್ರಲ್ಲ, ನನ್ನ ಹತ್ರ ಬ್ರೂಕ್ಸ್ ಬಿ17 ಉಂಟು, ಬಹಳ ವರ್ಷ ಆಯ್ತು. ಬ್ರೂಕ್ಸ್ ಅಂದ್ರೆ 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಕಂಪನಿ, ಈಗ ಇಟಲಿಯ ಸೆಲ್ಲೆ ರಾಯಲ್ ಕೈಯಲ್ಲಿ ಉಂಟು. ಅದರಲ್ಲಿ ಫೋಮೇ ಇಲ್ಲ ಮಾರಾಯ್ರೆ, ಮುಂದೆ ಹಿಂದೆ ಎಳೆದು ಕಟ್ಟಿದ ದಪ್ಪ ತೊಗಲು ಅಷ್ಟೆ. ಶುರುವಿಗೆ ಕಲ್ಲಿನ ಹಾಗೆ ಇರ್ತದೆ, ಕೂತು ಕೂತು ನಮ್ಮ ಮೂಳೆಯ ಜಾಗದಲ್ಲಿ ತಗ್ಗು ಬೀಳ್ತದೆ, ಮತ್ತೆ ಅದು ನಮ್ಮದೇ ಸೀಟು, ಬೇರೆಯವರು ಕೂತ್ರೆ ಆಗುದಿಲ್ಲ. ನನಗೆ 400, 600 ಕಿ.ಮೀ. ಬಿಆರ್‌ಎಂ ಎಲ್ಲ ಅದರಲ್ಲೇ ಆದದ್ದು, ಪ್ರೀತಿಯ ಸೀಟು.

ಆದ್ರೆ ನಿಮಗೆ 300 ಹತ್ತಿರ ಉಂಟು ಅಂತಾದ್ರೆ ಈಗ ಲೆದರ್ ತೆಕ್ಕೊಳ್ಳುದು ಬೇಡ, ಅದು ಹದ ಆಗುವಷ್ಟರಲ್ಲಿ ಬಿಆರ್‌ಎಂ ಮುಗಿದಿರ್ತದೆ. ತೂಕವೂ ಅರ್ಧ ಕಿಲೋಗ್ರಾಂ ಆಸುಪಾಸು ಬರ್ತದೆ, ಮಾಮೂಲಿ ಸ್ಟೀಲ್ ರೈಲಿನ (ಸೀಟಿನ ಅಡಿಯ ಎರಡು ಸರಳು) ರೋಡ್ ಸೀಟಿನ ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಕರಾವಳಿ ಮಳೆಗೆ ಅದನ್ನು ನೋಡಿಕೊಳ್ಳುದು ಒಂದು ಕೆಲಸ, ನೆನೆದು ಹೋದ ಲೆದರ್ ಮೇಲೆ ಕೂತು ಓಡಿಸಿದ್ರೆ ಎಳೆದು ಜೋಲು ಬೀಳ್ತದೆ, ಪ್ಲಾಸ್ಟಿಕ್ ಚೀಲ ಯಾವಾಗಲೂ ಸೀಟಿನ ಅಡಿಯಲ್ಲಿ ಸಿಕ್ಕಿಸಿ ಇಡ್ಬೇಕು. ಮೂತಿಯ ಅಡಿಯಲ್ಲಿ ಒಂದು ನಟ್ ಉಂಟು, ಜೋಲು ಬಿದ್ರೆ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಬಿಗಿ ಮಾಡುದು, ಜಾಸ್ತಿ ತಿರುಗಿಸಿದ್ರೆ ತೊಗಲು ಹರೀತದೆ. ಲೆದರ್ ಬೇಡ ಅನ್ನುವವರಿಗೆ ಅವರದ್ದೇ ಕ್ಯಾಂಬಿಯಂ ಉಂಟು, ರಬ್ಬರಿನದ್ದು, ಮಳೆಗೆ ತೊಂದರೆ ಇಲ್ಲ. ಇನ್ನೊಂದು, ಬಿ17ರ ರೈಲು ಗಿಡ್ಡ, ಹಿಂದೆ ಸರಿಸಲಿಕ್ಕೆ ಹೆಚ್ಚು ಜಾಗ ಇಲ್ಲ, ನೇರ ಸೀಟ್ ಪೋಸ್ಟ್ (ಸೀಟು ಹಿಡಿದಿರುವ ಕಂಬ) ಇರುವ ಬೈಕಿಗೆ ಹಾಕಿದ್ರೆ ನಾವು ತುಂಬ ಮುಂದೆ ಬರ್ತೇವೆ.

ಹೆಸರಘಟ್ಟ ಲೂಪ್
ಸ್ವಲ್ಪ ಸ್ವಲ್ಪವಾಗಿ ಇಳಿಸಿ ಈಗ 71ರಲ್ಲಿ ನಿಂತಿದೀನಿ. ಬಲಗಡೆ ಉಜ್ಜೋದು ನಿಂತೇ ಹೋಯ್ತು, ತೊಡೆಗೂ ಜಾಸ್ತಿ ಶಕ್ತಿ ಸಿಕ್ಕ ಹಾಗಿದೆ. ಮರಗಟ್ಟೋದು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ, ನೂರು ಕಿ.ಮೀ. ಹತ್ರ ಬಂದಾಗ ಶುರುವಾಗುತ್ತೆ. ಹುಡ್ಸ್ ಮೇಲೇ ಜಾಸ್ತಿ ಇರ್ತೀನಿ, ಎದುರುಗಾಳಿ ಬಂದಾಗ ಮಾತ್ರ ಡ್ರಾಪ್ಸ್. ಸೀಟಿನ ಓರೆ ಎಷ್ಟಿರ್ಬೇಕು? ನನ್ನದು ಮೂತಿ ಒಂಚೂರು ಮೇಲಿದೆ ಅನ್ಸುತ್ತೆ.

ಸ್ಪ್ಯಾನರ್ ಮಾವ
ಮೂತಿ ಮೇಲಿದ್ರೆ ಮೊದಲು ಅದನ್ನ ಇಳಿಸಿ ಮಾರಾಯ. ಸಮ ನೆಲದ ಮೇಲೆ ಬೈಕ್ ನಿಲ್ಲಿಸಿ ಸೀಟ್ ಮೇಲೆ ಒಂದು ಗಟ್ಟಿ ಪುಸ್ತಕ ಇಟ್ಟು ಅದರ ಮೇಲೆ ರಸಮಟ್ಟ ಇಡಿ, ಇಲ್ಲಾಂದ್ರೆ ಮೊಬೈಲ್ ಆ್ಯಪ್ ಸಾಕು. ಸೊನ್ನೆಯಿಂದ ಶುರು ಮಾಡಿ, ಒತ್ತಡ ಇದೆ ಅನಿಸಿದ್ರೆ ಒಂದೊಂದು ಡಿಗ್ರಿ ಕೆಳಗೆ. ಎರಡು ಮೂರು ಡಿಗ್ರಿ ದಾಟಿದ್ರೆ ಮುಂದೆ ಜಾರೋಕೆ ಶುರುವಾಗುತ್ತೆ, ಜಾರದೆ ಇರ್ಲಿ ಅಂತ ಕೈ ಒತ್ತಿ ಹಿಡೀತೀರಿ, ಆಮೇಲೆ ಅಂಗೈ ಜೋಮು, ಭುಜ ನೋವು. ಕೈ ಜೋಮು ಅಂತ ಬಂದವರ ಬೈಕಲ್ಲಿ ನಾನು ಮೊದಲು ನೋಡೋದೇ ಸೀಟಿನ ಮೂತಿ. ಹಿಂದ್ಗಡೆ ಎದ್ದಿರೋ ಸೀಟಾದ್ರೆ ಪುಸ್ತಕ ಪೂರ್ತಿ ಉದ್ದಕ್ಕೆ ಇಟ್ಟು ಅಳೀಬೇಡಿ, ನಡು ಭಾಗ ನೋಡಿ.

ಗುಮ್ಮಟ ಟಿಟಿ
ಟೈಮ್ ಟ್ರಯಲ್ ಹುಡುಗೂರು ಮೂತಿ ಇನ್ನೂ ಕೆಳಗ ಇಡ್ತಾರ, ಯಾಕಂದ್ರ ಅವರು ಮಲಗಿದಂಗ ಬಗ್ಗಿ ಸೀಟಿನ ತುದಿ ಮ್ಯಾಲ ಕುಂದರ್ತಾರ. ರೇಸಿನಾಗ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮ ಐತಿ, ಸೀಟು 24 ಸೆಂ.ಮೀ.ಗಿಂತ ಗಿಡ್ಡ ಇರಬಾರದು, 30ಕ್ಕಿಂತ ಉದ್ದ ಇರಬಾರದು, ಓರೆ 9 ಡಿಗ್ರಿ ದಾಟಬಾರದು. ಬಿಆರ್‌ಎಂಗೆ ಅದ್ಯಾವ್ದೂ ಲೆಕ್ಕಿಲ್ಲ ಬಿಡ್ರಿ. ನಿಮಗ ನಾ ಹೇಳೋದು ಒಂದ, ಹತ್ತ ಹದಿನೈದ ನಿಮಿಷಕ್ಕೊಮ್ಮೆ ಎದ್ದ ನಿಂತ ಪೆಡಲ್ ಹೊಡೀರಿ, ರಕ್ತ ಓಡಾಡ್ತೈತಿ. ಹಂಪ್ ಬಂದಾಗ ಕುಂತ ಹಾರಿಸಬ್ಯಾಡ್ರಿ, ಕುಂಡಿ ಎತ್ರಿ, ಸೀಟಿಗೂ ಛಲೋ, ಬೆನ್ನಿಗೂ ಛಲೋ.

ಗ್ರಾಂ ಲೆಕ್ಕ
ಗಿಡ್ಡ ಮೂತಿ ಸೀಟಿನ ವಿಷಯ ಯಾರೂ ಬಿಡಿಸಿ ಹೇಳ್ಲಿಲ್ಲ, ನಾನು ಹೇಳ್ತೀನಿ. ಮೊದಲೆಲ್ಲ ರೋಡ್ ಸೀಟು 27, 28 ಸೆಂ.ಮೀ. ಇರೋದು, ಫಿಜಿಕ್ ಅರಿಯೋನೆ ಅಂತೂ 30. ಮುಂದೆ ಹಿಂದೆ ಸರಿದು ಜಾಗ ಬದಲಾಯಿಸೋರಿಗೆ ಅದೇ ಚೆಂದ. 2015ರಲ್ಲಿ ಸ್ಪೆಷಲೈಸ್ಡ್ ಪವರ್ ಬಂತು, 24 ಸೆಂ.ಮೀ., ಆಮೇಲೆ ಎಲ್ಲ ಕಂಪನಿಯವರೂ ಆ ದಾರಿಗೇ ಬಂದ್ರು, ಪ್ರೊಲೋಗೊ ಡೈಮೆನ್ಷನ್ 24.5, ಫಿಜಿಕ್ ಆರ್ಗೋ 140, 150 ಅಗಲದಲ್ಲಿ ಬರುತ್ತೆ. ಡ್ರಾಪ್ಸಲ್ಲಿ ಬಗ್ಗಿದಾಗ ಮುಂದೆ ಒತ್ತೋಕೆ ಮೂತಿಯೇ ಇರಲ್ಲ, ಅದೇ ಅದರ ಲಾಭ. ಆದ್ರೆ ಅದರಲ್ಲಿ ಒಂದೇ ಜಾಗದಲ್ಲಿ ಕೂರ್ಬೇಕು, ಸರಿದಾಡೋ ಅಭ್ಯಾಸ ಇರೋರಿಗೆ ಹಿಡಿಸಲ್ಲ.

2020ರಿಂದ ತ್ರೀಡಿ ಪ್ರಿಂಟ್ ಸೀಟೂ ಬಂದಿದೆ, ಫೋಮ್ ಬದಲು ಜೇನುಗೂಡಿನ ಥರ ಬಲೆ, ಎಲ್ಲಿ ಎಷ್ಟು ಮೆತ್ತಗೆ ಬೇಕೋ ಅಷ್ಟು. ಕೂತು ನೋಡಿದೀನಿ, ನಿಜವಾಗ್ಲೂ ಚೆನ್ನಾಗಿದೆ, ಬೆಲೆ ನಿಮ್ಮ ಬಜೆಟ್ಟಿನ ಹತ್ರಕ್ಕೂ ಬರಲ್ಲ.

ದೊಡ್ಡ ಸವಾರ (ತುಮಕೂರು)
ನಾನು 98 ಕೆ.ಜಿ. ಇದೀನಿ, ನನ್ನ ಪ್ರಶ್ನೆನೂ ಇಲ್ಲೇ ಹಾಕ್ಲಾ? ಕಾರ್ಬನ್ ರೈಲಿನ ಸೀಟು ಒಂದು ಕಮ್ಮಿ ಬೆಲೆಗೆ ಸಿಗ್ತಿದೆ, ತಗೋಬಹುದಾ? ನಮ್ಮ ಕಡೆ ಸರ್ವೀಸ್ ರೋಡ್ ಗುಂಡಿಗಳು ಗೊತ್ತಲ್ಲ.

ಸ್ಪ್ಯಾನರ್ ಮಾವ
ಬೇಡ ಅಂತೀನಿ. ಕಾರ್ಬನ್ ರೈಲು ಗಟ್ಟಿ ಇಲ್ಲ ಅಂತಲ್ಲ, ನಿಮಗೆ ಅದರಿಂದ ಉಳಿಯೋದು ಐವತ್ತೋ ಎಪ್ಪತ್ತೋ ಗ್ರಾಂ, ಅದಕ್ಕೆ ಪ್ರತಿಯಾಗಿ ಗುಂಡಿಗೆ ಬಿದ್ದಾಗೆಲ್ಲ ರೈಲು ಬಿರುಕು ಬಿಟ್ಟಿದೆಯಾ ಅಂತ ನೋಡೋ ಚಿಂತೆ. ಸ್ಟೀಲ್ ರೈಲು ಬಗ್ಗುತ್ತೆ, ಬಗ್ಗಿದ್ದು ಕಣ್ಣಿಗೆ ಕಾಣುತ್ತೆ. ಇನ್ನೊಂದು ಮುಖ್ಯ ವಿಷಯ, ಸ್ಟೀಲ್, ಟೈಟಾನಿಯಂ ರೈಲು 7 ಮಿ.ಮೀ. ಗುಂಡಗೆ ಇರುತ್ತೆ, ಕಾರ್ಬನ್ ರೈಲು ಸಾಮಾನ್ಯವಾಗಿ 7 ಅಗಲ 9 ಎತ್ತರದ ಮೊಟ್ಟೆ ಆಕಾರ. ಪಕ್ಕದಿಂದ ಹಿಡಿಯೋ ಕ್ಲ್ಯಾಂಪ್ ಇರೋ ಸೀಟ್ ಪೋಸ್ಟ್ ಆದ್ರೆ ಅದಕ್ಕೆ ಬೇರೆ ಕ್ಲ್ಯಾಂಪೇ ಬೇಕು, 7ರದ್ದಕ್ಕೇ ಬಿಗಿದ್ರೆ ರೈಲು ಪುಡಿ. ಸೀಟಿನ ಮೇಲೆ ಸವಾರನ ತೂಕದ ಮಿತಿ ಬರೆದಿದ್ರೆ ಅದನ್ನೂ ಓದಿ. ಮತ್ತೆ ‘ಕಮ್ಮಿ ಬೆಲೆ’ ಅಂದ್ರಲ್ಲ, ಆನ್‌ಲೈನಲ್ಲಿ ದೊಡ್ಡ ಕಂಪನಿ ಹೆಸರು ಅಚ್ಚು ಹಾಕಿದ ನಕಲಿ ಸೀಟು ಬೇಕಾದಷ್ಟಿವೆ. ನಕಲಿ ಕಾರ್ಬನ್ ಮುರಿದ್ರೆ ಎಲ್ಲಿ ಚುಚ್ಚುತ್ತೆ ಅಂತ ಯೋಚಿಸಿ.

ದೊಡ್ಡ ಸವಾರ
ಅರ್ಥ ಆಯ್ತು ಮಾವ, ಬಿಟ್ಟೆ. ಹೆಸರಘಟ್ಟದವರೇ, ನನ್ನ ಹತ್ರ ಗಿಡ್ಡ ಮೂತಿದು, 143 ಅಗಲ, ಮಧ್ಯೆ ಕಟ್, ಸ್ಟೀಲ್ ರೈಲಿನ ಸೀಟು ಸುಮ್ನೆ ಇದೆ, ನನಗೆ 155 ಬೇಕಾಯ್ತು ಅದಕ್ಕೆ ತೆಗೆದಿಟ್ಟೆ. ಒಂದು ತಿಂಗಳು ಇಟ್ಕೊಂಡು ನೋಡಿ, ದುಡ್ಡೇನೂ ಬೇಡ. ಭಾನುವಾರ ನಾನು ದಾಬಸ್‌ಪೇಟೆವರೆಗೂ ಬರ್ತೀನಿ.

ಹೆಸರಘಟ್ಟ ಲೂಪ್
ಅಣ್ಣ, ತುಂಬ ಉಪಕಾರ, ಖಂಡಿತ ಬರ್ತೀನಿ. ಹಾಕುವಾಗ ಹಳೇ ಸೀಟು ಇದ್ದ ಜಾಗಕ್ಕೇ ಮೂತಿ ಬರೋ ಹಾಗೆ ಇಟ್ರೆ ಸರಿನಾ?

ಸ್ಪ್ಯಾನರ್ ಮಾವ
ಇಲ್ಲ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಹಳೇದು 27.5, ಹೊಸದು 24.5 ಇದ್ರೆ ಎರಡರ ಮೂತಿ ಒಂದೇ ಜಾಗಕ್ಕೆ ಇಟ್ರೆ ನೀವು ಕೂರೋ ಅಗಲದ ಭಾಗ ಮೂರು ಸೆಂಟಿಮೀಟರ್ ಮುಂದೆ ಬಂದುಬಿಡುತ್ತೆ, ಪೂರ್ತಿ ಫಿಟ್ ಕೆಡುತ್ತೆ. ಎರಡೂ ಸೀಟಲ್ಲಿ ಅಗಲ 80 ಮಿ.ಮೀ. ಆಗೋ ಜಾಗ ಹುಡುಕಿ ಅಲ್ಲಿ ಟೇಪ್ ಅಂಟಿಸಿ ಗೆರೆ ಹಾಕಿ. ಹಳೇದನ್ನ ಬಿಚ್ಚೋ ಮುಂಚೆ ಆ ಗೆರೆಯಿಂದ ಹ್ಯಾಂಡಲ್ ಮಧ್ಯಕ್ಕೆ ಎಷ್ಟು, ಕ್ರ್ಯಾಂಕ್ ಮಧ್ಯಕ್ಕೆ ಎಷ್ಟು ಅಂತ ಬರ್ಕೊಳ್ಳಿ. ಗೆರೆಯಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟು ಅದು ಕ್ರ್ಯಾಂಕಿನಿಂದ ಎಷ್ಟು ಹಿಂದೆ ಬೀಳುತ್ತೆ ಅಂತನೂ ನೋಡ್ಕೊಂಡ್ರೆ ಇನ್ನೂ ಒಳ್ಳೇದು. ಹೊಸದರಲ್ಲಿ ಅದೇ ಅಳತೆ ಬರ್ಬೇಕು. ರೈಲಿಂದ ಮೇಲ್ಭಾಗದವರೆಗಿನ ಎತ್ತರ ಸೀಟಿಂದ ಸೀಟಿಗೆ ಬೇರೆ ಇರುತ್ತೆ, ಆದ್ದರಿಂದ ಸೀಟ್ ಪೋಸ್ಟ್ ಮುಟ್ಟಿಲ್ಲ ಅಂದ್ರೂ ಎತ್ತರ ಬದಲಾಗಿರುತ್ತೆ, 71 ಮತ್ತೆ ಅಳೀರಿ. ಕ್ಲ್ಯಾಂಪ್ ರೈಲಿನ ಗೆರೆಗಳ ಒಳಗೇ ಇರ್ಲಿ, ಬೋಲ್ಟಿನ ದಾರಕ್ಕೆ ಒಂದು ಹನಿ ಗ್ರೀಸ್ ಹಾಕಿ.

ಹೆಸರಘಟ್ಟ ಲೂಪ್
ಮಾವ ಹೇಳಿದ ಹಾಗೆ 80 ಮಿ.ಮೀ. ಗೆರೆ ಹಾಕಿಯೇ ಕೂರಿಸಿದೆ, ಮೂತಿ ಒಂದು ಡಿಗ್ರಿ ಕೆಳಗೆ. ಶುರುವಿನ ರೈಡುಗಳಲ್ಲಿ ಮೂಳೆ ಇರೋ ಜಾಗ ಚೆನ್ನಾಗೇ ನೋಯ್ತು. ಈಗ ನೋವು ಕಡಿಮೆ ಆಗ್ತಾ ಇದೆ. ದೊಡ್ಡಬಳ್ಳಾಪುರ ಕಡೆಯಿಂದ ನಂದಿ ಹತ್ತಿ ದೇವನಹಳ್ಳಿ ಮೇಲೆ ದೊಡ್ಡ ಸುತ್ತು ಹಾಕಿ ಬಂದೆ, ಮರಗಟ್ಟೋದು ಎಲ್ಲೂ ಬರ್ಲಿಲ್ಲ. ಮೂಳೆ ನೋವು ಸಹಜನಾ?

ಕೀಲು ಮೂಳೆ
ಸಹಜ, ಇಷ್ಟು ದಿನ ಭಾರ ಹೊರದೇ ಇದ್ದ ಜಾಗ ಈಗ ಹೊರ್ತಾ ಇದೆ. ಎರಡೂ ಕಡೆ ಸಮನಾಗಿ ಇದ್ದು, ವಾರ ಕಳೆದ ಹಾಗೆ ಕಮ್ಮಿ ಆಗ್ತಾ ಹೋದ್ರೆ ಚಿಂತೆ ಇಲ್ಲ. ಒಂದೇ ಕಡೆ ನೋಯ್ತಾ ಹೋದ್ರೆ ಅಥವಾ ಚರ್ಮ ಕೆಂಪಾಗಿ ಗಂಟು ಕಟ್ಟಿದ್ರೆ ಮಾತ್ರ ಮತ್ತೆ ನೋಡ್ಬೇಕು. 300ಕ್ಕೆ ಮುಂಚಿನ ವಾರದಲ್ಲಿ ಸೀಟು, ಶಾರ್ಟ್ಸು, ಶೂ ಏನನ್ನೂ ಬದಲಾಯಿಸ್ಬೇಡಿ.

ದೊಡ್ಡ ಸವಾರ
ನಿಮಗೆ ಹಿಡಿಸಿದ್ರೆ ಅದನ್ನ ನೀವೇ ಇಟ್ಕೊಳ್ಳಿ, ಅಂಗಡೀಲಿ ಹೊಸದಕ್ಕೆ ಎಷ್ಟೋ ಅದರ ಅರ್ಧ ಕೊಡಿ ಸಾಕು. ಮಾವ, ನನ್ನ 155ರದ್ದು ಏರು ಹತ್ತುವಾಗ ಕಿರ್ ಕಿರ್ ಅಂತಿದೆ, ಸೀಟೇ ಹೋಗಿದೆಯಾ?

ಸ್ಪ್ಯಾನರ್ ಮಾವ
ಸೀಟು ಹೋಗಿರೋದು ಅಪರೂಪ. ಕ್ಲ್ಯಾಂಪ್ ಬಿಚ್ಚಿ, ರೈಲು, ಕ್ಲ್ಯಾಂಪಿನ ಒಳಭಾಗ ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಧೂಳು ಬೆವರು ಸೇರಿ ಕಪ್ಪಗೆ ಕಟ್ಟಿರುತ್ತೆ. ಸ್ಟೀಲ್ ರೈಲಾದ್ರೆ ತೆಳುವಾಗಿ ಗ್ರೀಸ್ ಸವರಿ, ಸೀಟ್ ಪೋಸ್ಟ್ ಮೇಲೆ ಬರೆದಿರೋ ಟಾರ್ಕಿಗೆ (ಬಿಗಿತದ ಮಟ್ಟಕ್ಕೆ) ಬಿಗೀರಿ. ಆಮೇಲೂ ಸದ್ದು ಬಂದ್ರೆ ಸೀಟ್ ಪೋಸ್ಟ್ ಹೊರಗೆ ತೆಗೆದು ಟ್ಯೂಬ್ ಒಳಗೆ ಒರೆಸಿ, ಫ್ರೇಮ್ ಅಥವಾ ಪೋಸ್ಟ್ ಕಾರ್ಬನ್ ಆಗಿದ್ರೆ ಅಲ್ಲಿಗೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್ ಹಾಕಿ. ಹೆಸರಘಟ್ಟದವರೂ ಒಂದೆರಡು ರೈಡ್ ಆದ ಮೇಲೆ ಬೋಲ್ಟ್ ಮತ್ತೊಂದು ಸಲ ಚೆಕ್ ಮಾಡ್ಕೊಳ್ಳಿ, ಹೊಸ ಸೀಟು ಕೂತ್ಕೊಂಡ ಮೇಲೆ ಸ್ವಲ್ಪ ಸಡಿಲ ಆಗಿರುತ್ತೆ.